ಹಲ್ಲು ನೋಡುವ ಶಾಸ್ತ್ರ

ನೀಲಿ ಹೆಬ್ಬೆರಳು ಬರುತ್ತಿದೆ, ರಬ್ಬರಿನ ವಾಸನೆ, ಅದರ ಹಿಂದೆಯೇ ಲವಂಗದ ವಾಸನೆ, ಲವಂಗ ನನ್ನದೇ, ಬೆಳಿಗ್ಗೆ ಹಲ್ಲಿನ ತೂತಿಗೆ ತುರುಕಿಕೊಂಡು ಬಂದದ್ದು, ಬಾಯಿ ಅಗಲ ತೆಗೀರಿ ಅಮ್ಮ ಎನ್ನುತ್ತಾನೆ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ತೆಗೆದರೆ ನಮ್ಮೂರು ಹೊಳೆನರಸೀಪುರವೇ ಕಂಡೀತಪ್ಪ, ಯಶೋದೆ ಮಗನ ಬಾಯಲ್ಲಿ ಲೋಕ ಕಂಡಳಂತೆ, ಇಲ್ಲಿ ಎಲ್ಲ ತಿರುವುಮುರುವು, ಮಗನ ವಯಸ್ಸಿನವನು ನನ್ನ ಬಾಯೊಳಗೆ ಇಣುಕುತ್ತಿದ್ದಾನೆ, ಅವನಿಗೆ ಕಾಣುವ ಲೋಕ ಒಂದು ಲವಂಗ, ಒಂದು ಹುಳುಕು ದವಡೆಹಲ್ಲು, ಬೆಳಗಿನ ಉಪ್ಪಿಟ್ಟಿನ ಸಾಸಿವೆ — ಹೆಬ್ಬೆರಳು ತುಟಿಯ ಮೂಲೆಯನ್ನು ಒರೆಸಿಕೊಂಡು ಹೋಯಿತು, ಏನನ್ನು ಒರೆಸಿತು, ಹೋಗಲಿ, ನೆನಪಿರಲಿ ರಂಗನಾಯಕಿ, ನೀನು ಬಂದಿರುವುದು ಹುಡುಗನನ್ನು ನೋಡಲು, ಹಲ್ಲು ಬರೀ ನೆಪ. ಮಗಳಿಗೆ ಬಂದಿರುವ ಹುಡುಗ, ವಿಶ್ವಾಸ್ ಎಂದು ಹೆಸರು, ಹಾಸನದಲ್ಲಿ ಹಲ್ಲಿನ ಡಾಕ್ಟರು, ಚನ್ನರಾಯಪಟ್ಟಣದ ಒಳ್ಳೆಯ ಮನೆತನ, ಸಂಬಂಧ ತಂದವನು ನನ್ನ ತಮ್ಮ ಗೌರೀಶಂಕರ, ಜಾತಕ ಕೂಡಿದೆ, ಗೋತ್ರ ಬೇರೆ, ಬರುವ ಭಾನುವಾರ ಅವರ ಮನೆಯವರು ತನ್ಮಯಿಯನ್ನು ನೋಡಲು ಬರುತ್ತಾರೆ, ಅದಕ್ಕೆ ಮೊದಲು ಅವರಿಗೆ ತಿಳಿಯದ ಹಾಗೆ ನಾನು ಹುಡುಗನನ್ನು ನೋಡಿಬಿಡಬೇಕು. ಇದು ನಮ್ಮ ಕಡೆ ಹೆಂಗಸರಲ್ಲಿ ಮೊದಲಿನಿಂದ ಬಂದದ್ದು, ನಮ್ಮಜ್ಜಿ ನನಗೆ ಗಂಡು ನೋಡಲು ಎಮ್ಮೆ ಕೊಳ್ಳುವ ನೆಪ ಮಾಡಿಕೊಂಡು ಇವರ ಮನೆಗೆ ಹೋಗಿದ್ದಳಂತೆ, ಹೋಗಿ, ಎಮ್ಮೆ ಬೇಡ, ಹುಡುಗ ಆದೀತು ಎಂದು ಬಂದಳಂತೆ. ಮುಖ ನೋಡಬೇಡ ಕಣೇ ಎನ್ನುತ್ತಿದ್ದಳು ಅಜ್ಜಿ, ಮುಖಕ್ಕೆ ಎಲ್ಲರೂ ಪೌಡರ್ ಬಳೀತಾರೆ, ಕೈ ನೋಡು, ಕೈ ಸುಳ್ಳು ಹೇಳಲ್ಲ. ಅಜ್ಜಿಯ ಮಾತು ನಡೆಸೋಣವೆಂದರೂ ನಡೆಸದಿರೋಣವೆಂದರೂ ಇವನಲ್ಲಿ ಕಾಣುತ್ತಿರುವುದು ಕೈಯೇ, ಮುಖಕ್ಕೆ ಮಾಸ್ಕು, ತಲೆಗೆ ಟೋಪಿ, ಕಣ್ಣಿಗೆ ದಪ್ಪ ಕನ್ನಡಕ, ಅದರಲ್ಲಿ ಲೈಟು ಹೊಳೆದು ಕಣ್ಣೂ ಕಾಣದು, ಉಳಿದದ್ದು ಎರಡು ಹುಬ್ಬು, ಎರಡು ನೀಲಿ ಕೈ. ಫೋಟೋ ಇದೆಯಲ್ಲ ಎಂದರೆ, ಅದೊಂದು ಫೋಟೋನೇ, ಶೆಟ್ಟಿಹಳ್ಳಿಯ ಮುರುಕು ಚರ್ಚಿನ ಮುಂದೆ ನಿಂತಿದ್ದಾನೆ, ಚರ್ಚು ಪೂರ್ತಿ ಬರಲಿ ಎಂದು ಹಿಂದೆ ಹಿಂದೆ ಹೋಗಿ ತೆಗೆದು ಹುಡುಗ ಕಡಲೆಬೀಜದಷ್ಟಾಗಿದ್ದಾನೆ, ಅದಕ್ಕೂ ಕೂಲಿಂಗ್ ಗ್ಲಾಸು, ತಮ್ಮ ಗೌರಿಗೆ ಹೇಳಿದೆ, ಸಂಬಂಧ ನಮಗೆ ಚರ್ಚಿನ ಜೊತೆಗೇನೋ ಎಂದು.

ಒಳಗೆ ಬರುವಾಗ ಹೆಸರು ಕೇಳಿದರಲ್ಲ, ಆಗಲೇ ಎಡವಟ್ಟಾಯಿತು. ಕೆಳಗೆ ರಸ್ತೆಯಲ್ಲಿ ದೊಡ್ಡ ಬೋರ್ಡು, ಅದರ ಮೇಲೆ ಕೈಕಾಲು ಬಂದ ಒಂದು ಹಲ್ಲು ನಗುತ್ತಾ ನಿಂತಿದೆ, ಪಕ್ಕದಲ್ಲಿ ಏನೋ ಸ್ಮೈಲು ಎಂದಿದೆ, ಡಾಕ್ಟರ ಹೆಸರೇ ಇಲ್ಲ, ಹೆಸರು ಬರೆಸಿಕೊಳ್ಳಲು ಈಗಿನವರಿಗೆ ಏನು ಸಂಕೋಚವೋ, ಆದರೆ ತನ್ಮಯಿ ನನ್ನ ಫೋನಿಗೆ ಹಾಕಿಕೊಟ್ಟ ಮ್ಯಾಪು ಇದೇ ಮೆಟ್ಟಿಲ ಮುಂದೆ ನಿಂತಿತು, ಆಟೋದವನೂ ಇದೇ ಕಣ್ ತಾಯಿ, ಇಲ್ಲೇ ತೋರಿಸ್ತೈತೆ ಎಂದ. ತನ್ಮಯಿಗೆ ನಾನು ಗುಟ್ಟು ಬಿಟ್ಟುಕೊಟ್ಟಿಲ್ಲ, ಹಲ್ಲುನೋವು ತಡೆಯೋಕಾಗ್ತಿಲ್ಲ ಕಣೇ, ಹಾಸನದಲ್ಲಿ ವಿಶ್ವಾಸ್ ಅಂತ ಒಬ್ಬರು ಚೆನ್ನಾಗಿ ನೋಡ್ತಾರಂತೆ, ಅಲ್ಲಿಗೆ ಒಂದು ಟೈಮ್ ಹಾಕ್ಸು ಎಂದೆ, ಮುಖವನ್ನು ಎಷ್ಟು ಬೇಕೋ ಅಷ್ಟು ಬಾಡಿಸಿಕೊಂಡು. ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು, ಆಮೇಲೆ ಆಯ್ತಮ್ಮ, ನಾನೇ ಬುಕ್ ಮಾಡ್ತೀನಿ, ಗುರುವಾರ ಹನ್ನೊಂದಕ್ಕೆ ಹೋಗು ಎಂದಳು, ಅಷ್ಟೆ, ಎಷ್ಟು ಸುಲಭವಾಯಿತು, ಕೆಮಿಸ್ಟ್ರಿ ಓದಿಕೊಂಡವಳು, ಅರಕಲಗೂಡಿನ ಕಾಲೇಜಿನಲ್ಲಿ ಹುಡುಗರಿಗೆ ಪಾಠ ಹೇಳುವವಳು, ಹೆತ್ತ ತಾಯಿಯ ಮುಖ ಓದಲು ಬರುವುದಿಲ್ಲ. ಇಲ್ಲಿ ಕೌಂಟರಿನಲ್ಲಿ ಒಂದು ಹುಡುಗಿ, ಎದೆಯ ಮೇಲೆ ರಂಜಿತಾ ಎಂದು ಚೀಟಿ, ಹನ್ನೊಂದಕ್ಕೆ ಬರೋರು ನೀವೇನಾ ಅಮ್ಮ, ಹೆಸರು ಏನಂತ ಬರ್ಕೊಳ್ಳಲಿ ಎಂದಳು, ರಂಗನಾಯಕಿ ಎಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿದೆ, ಜಾತಕದಲ್ಲಿ ತಾಯಿಯ ಹೆಸರೂ ಇದೆಯಲ್ಲ, ಹುಡುಗ ನೋಡಿರುತ್ತಾನೆ, ನುಂಗಿದ ಮೇಲೆ ಬಾಯಿ ಖಾಲಿ ಇರಬಾರದಲ್ಲ, ಬೆಟ್ಟಮ್ಮ ಎಂದೆ. ಬೆಟ್ಟಮ್ಮ ನಮಗೆ ಹಾಲು ಹಾಕುವವಳು. ರಂಜಿತಾ ನನ್ನ ಎರಡು ಮೂಗುಬೊಟ್ಟು ನೋಡಿದಳು, ರೇಷ್ಮೆ ಅಂಚಿನ ಸೀರೆ ನೋಡಿದಳು, ಯಾವೂರು ಎಂದಳು, ಹೊಳೆನರಸೀಪುರ ಎಂದರೆ ಸಿಕ್ಕಿಬೀಳುತ್ತೇನೆ, ಅರಕಲಗೂಡು ಎಂದೆ, ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಒತ್ತಾಸೆ. ಅವಳು ಕತ್ತು ಬಗ್ಗಿಸಿ ಬಹಳ ಹೊತ್ತು ಬರೆದಳು, ಭುಜ ಅಲುಗಾಡುತ್ತಿತ್ತು, ಪಾಪ, ಕೆಮ್ಮೇನೋ ಎಂದುಕೊಂಡೆ.

ಬೆಳಿಗ್ಗೆ ಬಿಪಿ ಮಾತ್ರೆ ತಗಂಡ್ರಾ ಅಮ್ಮ, ಎಂದು ಅವನು ಕೇಳುತ್ತಾನೆ, ತೆಗೆದುಕೊಂಡೆ ಎಂದು ಹುಬ್ಬಿನಲ್ಲೇ ಹೇಳಿದೆ, ಬಾಯಲ್ಲಿ ಕನ್ನಡಿ ಇದೆ, ನಾನು ಬಿಪಿಯ ವಿಷಯ ಹೇಳಿಯೇ ಇರಲಿಲ್ಲ, ಮುಖ ನೋಡಿಯೇ ಕಂಡುಹಿಡಿದ, ಎಂಥ ಕೈಗುಣ, ಎಂಥ ಕಣ್ಣು, ಹಿಂದೆ ಚನ್ನರಾಯಪಟ್ಟಣದಲ್ಲಿ ನನ್ನ ಹಲ್ಲು ಕಿತ್ತವನು ಹೀಗಿರಲಿಲ್ಲ — ಹುಡುಗನ ಊರು ಚನ್ನರಾಯಪಟ್ಟಣ ಎಂದು ಗೌರಿ ಹೇಳಿದಾಗ ಮೊದಲು ಜುಂ ಎಂದದ್ದು ದವಡೆ, ಆ ಊರಿನಲ್ಲಿ ನನ್ನ ಹಲ್ಲು ಒಮ್ಮೆ ಪ್ರಾಣ ಬಿಟ್ಟಿದೆ. ತನ್ಮಯಿ ಆಗ ಇನ್ನೂ ಶಿಶುವಿಹಾರ, ಚಿಕ್ಕಮ್ಮನ ಮನೆಗೆ ಹೋದವಳಿಗೆ ಹಲ್ಲುನೋವು ಹತ್ತಿ ಅಲ್ಲೇ ಒಬ್ಬನ ಹತ್ತಿರ ಹೋದೆ, ಅವನ ಹೆಸರೂ ಈಗ ನೆನಪಿಲ್ಲ, ಮೊಣಕಾಲು ನೆನಪಿದೆ, ಕುರ್ಚಿಯ ಮೇಲೆ ಮೊಣಕಾಲೂರಿ ಇಕ್ಕಳ ಹಾಕಿ ತೆಂಗಿನಕಾಯಿ ಸುಲಿದ ಹಾಗೆ ಎಳೆದ, ನಿಲ್ಲಿಸಿ ಎಂದು ಕೈಮುಗಿದೆ, ಮುಗಿದ ಕೈಯನ್ನು ಸರಿಸಿ ಎಳೆದ, ಬಂದದ್ದು ಪಕ್ಕದ ಹಲ್ಲು. ಒಳ್ಳೆಯ ಹಲ್ಲು. ಅಯ್ಯೋ ಎಂದ, ಇದೂ ಹೆಂಗಿದ್ರೂ ಹೋಗೋದೇ ಬಿಡಿ ಎಂದ. ಅವತ್ತೇ ಶಪಥ ಮಾಡಿದೆ, ಇನ್ನು ನನ್ನ ಬಾಯಿಗೆ ನಾನೇ ಡಾಕ್ಟರು, ಲವಂಗ, ಉಪ್ಪುನೀರು, ಇಂಗು, ಯಾವ ಮಗನಿಗೂ ಬಾಯಿ ಬಿಡುವುದಿಲ್ಲ, ಇಷ್ಟು ವರ್ಷ ಬಿಟ್ಟಿರಲಿಲ್ಲ, ಮಗಳ ಮದುವೆಯೊಂದು ಅಡ್ಡ ಬರದಿದ್ದರೆ ಈ ಹುಳುಕು ಹಲ್ಲಿನ ಸಮೇತ ಚಿತೆಗೇ ಹೋಗುತ್ತಿದ್ದೆ. ಇವನು ಏನೋ ಹೇಳುತ್ತಿದ್ದಾನೆ, ಕೇಳಿಸಿಕೊ. ನೋವಾದ್ರೆ ಎಡಗೈ ಎತ್ತಿ ಅಮ್ಮ, ತಕ್ಷಣ ನಿಲ್ಲಿಸ್ಬುಡ್ತೀನಿ, ನೀವು ಕೈ ಇಳಿಸೋಗಂಟ ಮುಟ್ಟಲ್ಲ. ನಿಲ್ಲಿಸ್ಬುಡ್ತೀನಿ ಎನ್ನುತ್ತಾನೆ, ಬುಡ್ತೀನಿ ಹೇಗೆ ಬಂತು ಒಳ್ಳೆಯ ಮನೆತನದವನ ಬಾಯಲ್ಲಿ, ಹಾಸ್ಟೆಲಿನಲ್ಲಿ ಕಲಿತಿರಬೇಕು, ಹಾಸ್ಟೆಲ್ ಊಟ, ಹಾಸ್ಟೆಲ್ ಮಾತು, ಮದುವೆಯಾದ ಮೇಲೆ ತನ್ಮಯಿ ತಿದ್ದಿಕೊಳ್ಳುತ್ತಾಳೆ.

ತಿದ್ದಿಕೊಳ್ಳುತ್ತಾಳೆ ಎಂದುಬಿಟ್ಟೆನಲ್ಲ, ಅಂದರೆ ಒಪ್ಪಿಬಿಟ್ಟೆನೇ, ಇಷ್ಟು ಬೇಗ, ಇಲ್ಲ, ಬೇಗ ಒಪ್ಪುವವಳಲ್ಲ ರಂಗನಾಯಕಿ, ಬೆಂಗಳೂರಿನ ಆಡಿಟರನ್ನು ಒಪ್ಪಲಿಲ್ಲ, ಅವನು ಕಾಫಿಯ ಕೆನೆಯನ್ನು ಬೆರಳಿನಿಂದ ತೆಗೆದು ಸೋಫಾದ ಅಡಿಗೆ ಒರೆಸಿದ, ಮೈಸೂರಿನ ಬ್ಯಾಂಕಿನವನನ್ನು ಒಪ್ಪಲಿಲ್ಲ, ಅವರಮ್ಮ ಮಾತಾಡುವಾಗ ಗಡಿಯಾರ ನೋಡುತ್ತಿದ್ದ, ಮತ್ತೊಬ್ಬ, ಗೊರೂರಿನ ಹತ್ತಿರದವನು, ಎಲ್ಲ ಸರಿಯಿದ್ದ, ಹೋಗುವಾಗ ನಮ್ಮ ನಾಯಿಗೆ ಒದ್ದ, ಮೆತ್ತಗೇ ಒದ್ದ, ಆದರೂ ಒದೆ ಒದೆಯೇ. ಇವರು, ನನ್ನ ಯಜಮಾನರು ಯೋಗಾನರಸಿಂಹ ಮೇಷ್ಟ್ರು, ನಿನಗೆ ಅಳಿಯ ಬೇಡ, ದೇವಸ್ಥಾನದ ಉತ್ಸವಮೂರ್ತಿ ಬೇಕು ಎನ್ನುತ್ತಾರೆ, ಎನ್ನಲಿ, ಅವರು ಹೇಳಿದ್ದು ನನಗೆ ತಾಗುವುದಿಲ್ಲ. ತಾಗಿದ್ದು ತನ್ಮಯಿ ಹೇಳಿದ್ದು, ನಾಯಿಗೆ ಒದ್ದವನು ಹೋದ ಸಂಜೆ, ನೀನು ಯಾರನ್ನೂ ಒಪ್ಪಲ್ಲ ಬಿಡಮ್ಮ, ನಾನು ಹೇಳೋಕೆ ಮೊದಲೇ ನೀನು ಬಾಯಿ ಹಾಕ್ತೀಯ, ಎಂದು ಲೋಟ ತೊಳೆದಿಟ್ಟು ಒಳಗೆ ಹೋದಳು, ಅವತ್ತಿನಿಂದ ಅವಳು ನನಗೆ ಏನೂ ಹೇಳುವುದಿಲ್ಲ. ಕಾಲೇಜು ಹೇಗಿತ್ತೇ, ಚೆನ್ನಾಗಿತ್ತು, ಊಟಕ್ಕೆ ಏನು ಹಾಕಲಿ, ಏನಾದರೂ ಹಾಕು, ಅಷ್ಟೆ, ಚಿಕ್ಕಂದಿನಲ್ಲಿ ಬಸ್ಸಿನಲ್ಲಿ ಯಾರು ವಾಂತಿ ಮಾಡಿಕೊಂಡರು ಎನ್ನುವುದನ್ನೂ ಬಂದು ಹೇಳುತ್ತಿದ್ದ ಮಗು. ಹಲ್ಲುನೋವನ್ನು ತಡೆದುಕೊಂಡೆ, ಇದನ್ನು ತಡೆದುಕೊಳ್ಳಲು ಆಗುತ್ತಿಲ್ಲ. ಅದಕ್ಕೇ ಈ ಸಲ ಹುಡುಗ ಒಳ್ಳೆಯವನಾಗಿರಲಿ ನರಸಿಂಹಸ್ವಾಮಿ, ನಾನು ಹೂಂ ಎನ್ನುವ ಹಾಗಿರಲಿ, ನನ್ನ ಬಾಯಿಂದ ಒಮ್ಮೆ ಹೂಂ ಬಂದರೆ ಅವಳು ಮತ್ತೆ ನನ್ನ ಹತ್ತಿರ ಬಂದು ಕೂತು ಮಾತಾಡುತ್ತಾಳೆ. ಅವನು ಎಕ್ಸ್‌ರೇ ತೋರಿಸುತ್ತಿದ್ದಾನೆ, ಬೇರೆಲ್ಲ ಹಾಳಾಗೈತೆ ಅಮ್ಮ, ಎರಡು ವರ್ಷ ಮುಂಚೆ ಬಂದಿದ್ರೆ ಉಳಿಸ್ಬೋದಿತ್ತು, ಈಗ ತೆಗೀಲೇಬೇಕು, ತೆಗೀಲಾ, ನೀವು ಹೇಳಿದ್ರೇನೇ. ಕೇಳುತ್ತಾನೆ, ನೋಡು, ಕೇಳಿ ತೆಗೆಯುತ್ತಾನೆ. ತೆಗಿಯಪ್ಪ ಎಂದೆ.

ಸೂಜಿ. ಕಣ್ಣು ಮುಚ್ಚಿದೆ. ಇರುವೆ ಕಚ್ಚಿದಷ್ಟು, ಆಮೇಲೆ ತುಟಿ ನನ್ನದಲ್ಲ, ಕೆನ್ನೆ ನನ್ನದಲ್ಲ, ಅರ್ಧ ಮುಖ ಬಾಡಿಗೆಗೆ ಕೊಟ್ಟ ಹಾಗಾಯಿತು, ಜೋಮು ಹತ್ತೋಗಂಟ ಕೂತಿರಾನ ಎಂದು ಅವನು ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತ, ಎದ್ದು ಹೋಗಿ ಫೋನು ತಿಕ್ಕಲಿಲ್ಲ, ಅದನ್ನು ಗಮನಿಸಿದೆ, ಅರಕಲಗೂಡಲ್ಲಿ ಯಾವ ಕಡೆ ಬೆಟ್ಟಮ್ಮೋರೇ ಎಂದ. ಸತ್ತೆ. ಅರಕಲಗೂಡಿನಲ್ಲಿ ನನಗೆ ಗೊತ್ತಿರುವುದು ಬಸ್‌ಸ್ಟ್ಯಾಂಡು, ಬಸ್‌ಸ್ಟ್ಯಾಂಡ್ ಹತ್ರ ಎಂದೆ, ಜೋಮು ಹಿಡಿದ ತುಟಿಯಲ್ಲಿ ಅದು ಬಫ್ಫಾಂಡ್ ಎಂದಾಯಿತು. ಓ, ಅಲ್ಲೇನಾ ಎಂದ, ಬಸ್‌ಸ್ಟ್ಯಾಂಡಲ್ಲೇ ಹೊಲ ಐತೇನೋ ಎನ್ನುವ ಹಾಗೆ, ಈ ಸಲ ನಿಮ್ಮ ಕಡೆ ಶುಂಠಿ ಎಂಗೈತೆ, ಕೊಳೆ ರೋಗ ಬಂದಿಲ್ಲ ತಾನೇ. ಶುಂಠಿಯ ಬಗ್ಗೆ ನನಗೆ ಗೊತ್ತಿರುವುದು ಟೀಗೆ ಎಷ್ಟು ಹಾಕಬೇಕು ಎನ್ನುವುದು, ಪರವಾಗಿಲ್ಲ ಎನ್ನುವಂತೆ ತಲೆ ಆಡಿಸಿದೆ. ಹೊಗೆಸೊಪ್ಪು ಬೇಯಿಸೋಕೆ ಸೌದೆ ಸಿಗ್ತಾ ಎಂದ. ಸಿಕ್ಕಿತು ಎಂದು ತಲೆ ಆಡಿಸಿದೆ. ಮೆಕ್ಕೆಜೋಳಕ್ಕೆ ಹಂದಿ ಕಾಟ ಇದ್ದೇ ಐತೆ ಬಿಡಿ ಎಂದ. ಹಂದಿಗೂ ತಲೆ ಆಡಿಸಿದೆ. ಚನ್ನರಾಯಪಟ್ಟಣದ ವೈದಿಕರ ಮನೆಯ ಹುಡುಗ, ರೈತರ ಕಷ್ಟಸುಖ ಎಷ್ಟು ತಿಳಿದಿದ್ದಾನೆ, ಹಾಲು ಹಾಕುವ ಬೆಟ್ಟಮ್ಮ ಎಂದೇ ತಿಳಿದು ಮಾತಾಡಿಸುತ್ತಿದ್ದಾನೆ, ಹೀಗೆ, ಸರಿಸಮಾನವಾಗಿ, ನಾಯಿಗೆ ಒದೆಯುವವನಲ್ಲ ಇವನು. ಹಾಗೆ ನೋಡಿದರೆ ನಾನೇ ನಮ್ಮ ಬೆಟ್ಟಮ್ಮನನ್ನು ಶುಂಠಿ ಹೇಗಿದೆ ಎಂದು ಯಾವತ್ತೂ ಕೇಳಿಲ್ಲ, ಅವಳಿಗೆ ಶುಂಠಿ ಇದೆಯೋ ಇಲ್ಲವೋ, ಹಿತ್ತಿಲ ಕಟ್ಟೆಯ ಮೇಲೆ ಅವಳಿಗೆಂದೇ ಇಟ್ಟಿರುವ ಒಂದು ಲೋಟ ಇದೆ, ಅಷ್ಟು ಗೊತ್ತು. ಆ ಲೋಟ ಈಗ ಯಾಕೆ ನೆನಪಾಗಬೇಕು — ತುಟಿಯ ಮೂಲೆಯಲ್ಲಿ ಏನೋ ಇಳಿಯುತ್ತಿದೆ, ತಿಳಿಯುತ್ತಿಲ್ಲ, ಗದ್ದದ ವರೆಗೂ ಬಂದಿರಬೇಕು, ಸೆರಗು ಎಲ್ಲಿ, ಎದೆಗೆ ಕಟ್ಟಿದ ಬಿಬ್ಬಿನ ಕೆಳಗೆ ಸಿಕ್ಕಿಕೊಂಡಿದೆ, ಅಷ್ಟರಲ್ಲಿ ಆ ನೀಲಿ ಹೆಬ್ಬೆರಳು ಬಂತು, ತುಟಿಯ ಮೂಲೆಯಿಂದ ಗದ್ದದ ತನಕ ಮೆತ್ತಗೆ ಒರೆಸಿತು, ಒರೆಸಿ ಹೋಯಿತು, ಅವನು ಮೆಕ್ಕೆಜೋಳದ ಮಾತನ್ನು ನಿಲ್ಲಿಸಲೂ ಇಲ್ಲ.

ಎಂಜಲು. ನನ್ನ ಎಂಜಲು. ಬೇರೆಯವರ ಮನೆಯ ಗಂಡುಮಗ ನನ್ನ ಎಂಜಲು ಮುಟ್ಟಿದ, ಹತ್ತಿಯಿಲ್ಲ, ಬಟ್ಟೆಯಿಲ್ಲ, ಬೆರಳಿನಲ್ಲಿ, ಗ್ಲೌಸು ಇದೆ ಸರಿ, ಗ್ಲೌಸಿನೊಳಗೂ ಬೆರಳೇ ಇರುವುದು. ನಮ್ಮ ಮನೆಯಲ್ಲಿ ಎಂಜಲಿನ ಲೆಕ್ಕಾಚಾರ ಗ್ರಹಣಕ್ಕಿಂತ ಕಷ್ಟ, ಎತ್ತಿ ಕುಡಿ, ಕಚ್ಚಿ ಕುಡಿಯಬೇಡ, ಆ ಕೈಯಲ್ಲಿ ಉಪ್ಪಿನಕಾಯಿ ಮುಟ್ಟಬೇಡ, ಊಟದ ಜಾಗಕ್ಕೆ ಗೋಮಯ, ನಾನು ಜ್ವರ ಬಂದು ಮಲಗಿದಾಗಲೂ ಇವರು ಗಂಜಿಯನ್ನು ದೂರ ಇಟ್ಟು ಹೋಗುತ್ತಿದ್ದರು, ಪ್ರೀತಿ ಇಲ್ಲವೆಂದಲ್ಲ, ಮಡಿ. ನನ್ನ ತುಟಿಯ ಮೂಲೆಯನ್ನು ಕೊನೆಯ ಸಲ ಒರೆಸಿದವರು ಯಾರು, ಅಮ್ಮ, ಅಮ್ಮನೇ ಇರಬೇಕು, ಮೊಸರನ್ನ ತಿನ್ನಿಸಿ, ಹೆಬ್ಬೆರಳಿನಲ್ಲೇ, ಅಮ್ಮ ಹೋಗಿ ಎಷ್ಟು ಕಾಲವಾಯಿತು. ಅಳುತ್ತಿದ್ದೇನೆಯೇ, ಇಲ್ಲ, ಕಣ್ಣಿಗೆ ಲೈಟು ಹೊಡೆಯುತ್ತಿದೆ, ಲೈಟಿಗೇ ಈ ನೀರು. ಅಜ್ಜೀ, ಕೈ ನೋಡಿದೆ, ಆಗಬಹುದು, ಎಮ್ಮೆ ಬೇಡ, ಹುಡುಗ ಆದೀತು, ತೀರ್ಮಾನ ಆಯಿತು, ಇವತ್ತೇ ಮನೆಗೆ ಹೋಗಿ ಗೌರಿಗೆ ಫೋನು ಮಾಡುತ್ತೇನೆ, ಭಾನುವಾರಕ್ಕೆ ಬೋಂಡ ಬೇಡ, ಹೋಳಿಗೆಯೇ ಮಾಡಿಬಿಡೋಣ.

ಈಗ ತೆಗೀತೀನಿ ಅಮ್ಮ, ನೋವಿರಲ್ಲ, ಒತ್ತಿದಂಗೆ ಆಯ್ತದೆ ಅಷ್ಟೆ, ಎಂದು ಇಕ್ಕಳ ಹಾಕಿದ, ಎಡಗೈ ನನ್ನ ದವಡೆಯ ಕೆಳಗೆ ಆನಿಸಿದ್ದಾನೆ, ಬೀಳುವ ಪಾತ್ರೆಗೆ ಕೈ ಕೊಟ್ಟ ಹಾಗೆ, ಬೇರಿನ ಬುಡದಲ್ಲಿ ಏನೋ ಕರ್ ಎಂದಿತು, ಹೆದರ್ಕಾಬೇಡಿ ಬೆಟ್ಟಮ್ಮೋರೇ, ನಮ್ಮೂರೂ ಅರಕಲಗೂಡೇ, ನಮ್ಮವ್ವಂದೂ ನಿಮ್ಮ ಹೆಸರೇ, ಬೆಟ್ಟಮ್ಮ ಅಂತ್ಲೇ, ಅವಳ ಹಲ್ಲನ್ನೂ ನಾನೇ ತೆಗೆದಿದ್ದು, ಬಾಯ್ತುಂಬ ಬೈದ್ಲು, ಆಮೇಲೆ ಕೋಳಿಸಾರು ಮಾಡಿಕ್ಕಿದ್ಲು. ಏನೆಂದ. ಯಾರ ಹೆಸರು. ವಿಶ್ವಾಸನ ತಾಯಿ ವೇದವಲ್ಲಿ, ಜಾತಕದ ಮೇಲೆ ಅರಿಶಿನ ಹಚ್ಚಿ ಬರೆದಿದೆ, ವೇದವಲ್ಲಿ ಹೇಗೆ ಬೆಟ್ಟಮ್ಮನಾದಳು, ಅಮ್ಮ ಹೇಗೆ ಅವ್ವನಾದಳು, ಕೋಳಿ ಎಲ್ಲಿಂದ ಬಂತು, ಬುಡ್ತೀನಿ, ತಗಂಡ್ರಾ, ಶುಂಠಿ, ಹೊಗೆಸೊಪ್ಪು, ಹಂದಿ, ಅಯ್ಯೋ ನರಸಿಂಹ, ಇವನು ವಿಶ್ವಾಸ್ ಅಲ್ಲ, ನಮ್ಮವನೇ ಅಲ್ಲ, ಅರಕಲಗೂಡಿನ ಗೌಡರ ಹುಡುಗ, ಯಾರೋ, ಎಲ್ಲಿಯವನೋ, ನಾನು ಯಾರದ್ದೋ ಕ್ಲಿನಿಕ್ಕಿನಲ್ಲಿ ಯಾರನ್ನೋ ಅಳಿಯ ಮಾಡಿಕೊಂಡು ಹೋಳಿಗೆಗೆ ಬೇಳೆ ನೆನೆಹಾಕುತ್ತಾ ಕೂತಿದ್ದೇನೆ. ಏಳಬೇಕು, ಓಡಬೇಕು, ಓಡೋಣವೆಂದರೆ ಹಲ್ಲು ಅವನ ಕೈಯಲ್ಲಿದೆ, ಅರ್ಧ ನನ್ನಲ್ಲಿ ಅರ್ಧ ಇಕ್ಕಳದಲ್ಲಿ, ಎಡಗೈ ಎತ್ತಿದೆ. ತಕ್ಷಣ ನಿಲ್ಲಿಸಿದ. ಇಕ್ಕಳ ತೆಗೆದು ತಟ್ಟೆಯ ಮೇಲಿಟ್ಟ. ನೋವಾಯ್ತಾ ಅಮ್ಮ ಎಂದ. ಇಲ್ಲ, ನೋವಿಲ್ಲ, ಏನಿದೆ ಎಂದು ಹೇಗೆ ಹೇಳಲಿ, ನಿನ್ನ ತಾಯಿಯ ಹೆಸರು ಎತ್ತಿದ ಕೈಯಪ್ಪ ಇದು ಎನ್ನಲೇ. ಅವನು ಕಾಯುತ್ತಿದ್ದಾನೆ. ನೀಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಹೊರಗೆ ಯಾರೋ ಕೆಮ್ಮುತ್ತಿದ್ದಾರೆ, ಇನ್ನೊಬ್ಬ ಪೇಷಂಟು ಬಂದಿರಬೇಕು, ಅವನು ಆ ಕಡೆ ನೋಡುತ್ತಿಲ್ಲ, ಗಡಿಯಾರ ನೋಡುತ್ತಿಲ್ಲ, ಹೇಳಿದ ಮಾತಿಗೆ ಕಟ್ಟುಬಿದ್ದು ಕಾಯುತ್ತಿದ್ದಾನೆ, ನಾನಾಗಿ ಇಳಿಸುವ ತನಕ ಮುಟ್ಟುವುದಿಲ್ಲ ಎಂದಿದ್ದ, ಮುಟ್ಟುತ್ತಿಲ್ಲ. ಚನ್ನರಾಯಪಟ್ಟಣದಲ್ಲಿ ನನ್ನ ಮುಗಿದ ಕೈಯನ್ನು ಸರಿಸಿದವನು ನಮ್ಮವನೇ ಆಗಿದ್ದ, ಹಣೆಯಲ್ಲಿ ನಾಮವೂ ಇತ್ತು. ಕೈ ಭಾರವಾಯಿತು. ಇಳಿಸಿದೆ. ಆಗ ಮತ್ತೆ ಇಕ್ಕಳ ತೆಗೆದುಕೊಂಡ, ಒಂದು ಸಲ ಒತ್ತಿದ, ಒಂದು ಸಲ ತಿರುವಿದ, ಟಣ್.

ಸ್ಟೀಲಿನ ತಟ್ಟೆಯಲ್ಲಿ ನನ್ನ ಹಲ್ಲು, ಎರಡು ಕಾಲು ಚಾಚಿಕೊಂಡು ಬಿದ್ದಿದೆ, ಇಷ್ಟು ದೊಡ್ಡದು ಬಾಯಲ್ಲಿ ಹೇಗಿತ್ತು, ಮನೆಗೆ ತಗಂಡೋಗ್ತೀರಾ ಎನ್ನುತ್ತಾನೆ, ಸಗಣೀಲಿ ಸುತ್ತಿ ಹೆಂಚಿನ ಮ್ಯಾಲೆ ಎಸೀಬೋದು, ಹೊಸ ಹಲ್ಲು ಉಟ್ಟಿದ್ರೂ ಉಟ್ಬೋದು. ನಗು ಬಂತು, ಬಾಯಿ ತುಂಬ ಹತ್ತಿ ತುರುಕಿದ್ದಾನೆ, ಕಚ್ಚಿ ಹಿಡ್ಕಳಿ, ಒಂದು ಗಂಟೆ ಮಾತಾಡಂಗಿಲ್ಲ, ಉಗಿಯಂಗಿಲ್ಲ. ನಗುವಿನ ನಡುವೆ ಒಂದೊಂದೇ ಕಾಳು ಉದುರತೊಡಗಿತು. ಮ್ಯಾಪು ಹಾಕಿಕೊಟ್ಟವಳು ಯಾರು. ತನ್ಮಯಿ. ಬಿಪಿ ಮಾತ್ರೆಯ ವಿಷಯ ಇವನಿಗೆ ಹೇಳಿದವರು ಯಾರು, ನನ್ನ ಮುಖ ಹೇಳಲಿಲ್ಲ. ಇವನ ಊರು ಅರಕಲಗೂಡು, ಅವಳ ಕಾಲೇಜು ಅರಕಲಗೂಡು. ಹೋದ ವರ್ಷದಿಂದ ತಿಂಗಳು ತಿಂಗಳು ಹಾಸನಕ್ಕೆ ಹೋಗಿಬರುತ್ತಾಳೆ, ಯಾಕೇ ಎಂದರೆ ಹಲ್ಲಿಗೆ ಕ್ಲಿಪ್ ಹಾಕಿಸಿದೀನಮ್ಮ, ಬಿಗಿ ಮಾಡಿಸ್ಕೋಬೇಕು, ಎಲ್ಲೇ ಕ್ಲಿಪ್ಪು ಕಾಣುವುದೇ ಇಲ್ಲ ಎಂದರೆ ಇದು ಕಾಣದ ಕ್ಲಿಪ್ಪಮ್ಮ, ಹೊಸದು, ಪ್ಲಾಸ್ಟಿಕ್ಕಿಂದು. ಕಾಣದ ಕ್ಲಿಪ್ಪು. ಅವಳ ಹಲ್ಲು ಹುಟ್ಟಿದಾಗಿನಿಂದ ದಾಳಿಂಬೆ ಬೀಜ ಜೋಡಿಸಿದ ಹಾಗಿದೆ, ಅದನ್ನು ಹೆತ್ತವಳು ನಾನು, ಕಾಣದ ಕ್ಲಿಪ್ಪನ್ನು ನಂಬಿ ಪಕ್ಕದ ಮನೆಯವರಿಗೂ ಹೇಳಿಕೊಂಡು ಬಂದೆ. ನಾನು ಚಾಪೆಯ ಕೆಳಗೆ ತೂರಿದರೆ ಇವಳು ರಂಗೋಲಿಯ ಕೆಳಗೆ ತೂರಿದ್ದಾಳೆ, ಹುಡುಗನನ್ನು ನೋಡಲು ಹೊರಟವಳನ್ನು ಹುಡುಗನ ಕುರ್ಚಿಗೇ ಕಳಿಸಿದ್ದಾಳೆ, ತನಗೆ ಬೇಕಾದ ಹುಡುಗನ ಕುರ್ಚಿಗೆ. ಆ ರಂಜಿತಾಳದ್ದು ಕೆಮ್ಮಲ್ಲ, ಈಗಲೂ ಬಾಗಿಲ ಹಿಂದೆ ಕೆಮ್ಮುತ್ತಿದ್ದಾಳೆ. ಅವನು ಮಾಸ್ಕು ಕೆಳಗೆ ಎಳೆದ, ಸಾಧಾರಣ ಮುಖ, ಮೂಗು ಸ್ವಲ್ಪ ದಪ್ಪ, ಹಣೆಯ ಮೇಲೆ ಟೋಪಿಯ ಗೆರೆ, ಬೆವೆತಿದ್ದಾನೆ, ಹೆದರಿದ್ದಾನೆ, ಇಷ್ಟು ಹೊತ್ತೂ ಹೆದರಿಕೊಂಡೇ ಇದ್ದ ಎಂದು ಈಗ ಕಾಣುತ್ತಿದೆ, ನನ್ನೆಸ್ರು ಸುದರ್ಶನ್ ಅಂತ, ಎಂದ, ಇವತ್ತು ತಣ್ಣಗಿರೋದೇ ತಿನ್ನಿ, ಉಪ್ಪುನೀರು ನಾಳೆಯಿಂದ, ಮೆಟ್ಟಿಲು ನಿಧಾನಕ್ಕೆ ಇಳೀರಿ ರಂಗನಾಯಕಮ್ಮೋರೇ. ರಂಗನಾಯಕಮ್ಮೋರೇ ಎಂದ. ಬೆಟ್ಟಮ್ಮ ಅಲ್ಲೇ ಕುರ್ಚಿಯ ಮೇಲೆ ಸತ್ತಳು. ಹೇಳಲು ನೂರು ಮಾತಿತ್ತು, ಬಾಯಲ್ಲಿ ಹತ್ತಿ ಇತ್ತು, ನಮಸ್ಕಾರ ಮಾಡಿ ಎದ್ದು ಬಂದೆ.

ಮೆಟ್ಟಿಲ ಮೇಲೆ ಫೋನು. ತನ್ಮಯಿ. ಕಿವಿಗಿಟ್ಟುಕೊಂಡೆ, ಬೈಯಬೇಕು, ಸರಿಯಾಗಿ ಬೈಯಬೇಕು, ಹತ್ತಿ. ಅಮ್ಮ, ಮಾತಾಡ್ಬೇಡ, ಬಾಯಲ್ಲಿ ಹತ್ತಿ ಇರುತ್ತೆ ಅಂತ ಗೊತ್ತು, ಅದಕ್ಕೇ ಈಗ ಮಾಡಿದೆ, ಎನ್ನುತ್ತಾಳೆ, ಬೇರೆ ಯಾವಾಗ ಹೇಳಿದ್ರೂ ನೀನು ನಡುವೆ ಬಾಯಿ ಹಾಕ್ತೀಯ. ಮುಖ ನೋಡಬೇಡ, ಕೈ ನೋಡು ಅಂತ ನೀನೇ ಹೇಳ್ಕೊಟ್ಟಿದ್ದಲ್ವಾ, ನಾನು ಕೈ ಮಾತ್ರ ತೋರಿಸಿದೆ. ನಿನಗೆ ಬೇಡ ಅನ್ನಿಸಿದ್ರೆ ಊಹೂಂ ಅನ್ನು, ಭಾನುವಾರ ಬರೋರ ಮುಂದೆ ಕೂತ್ಕೋತೀನಿ, ಸತ್ಯವಾಗ್ಲೂ. ಆಗಬಹುದು ಅನ್ನಿಸಿದ್ರೆ ಹೂಂ ಅನ್ನು. ಅಪ್ಪನಿಗೆ ಹೇಳೋದು ನೀನೇ, ನನಗೆ ಧೈರ್ಯ ಇಲ್ಲ. ಕೆಳಗೆ ರಸ್ತೆಯಲ್ಲಿ ಅರಕಲಗೂಡಿನ ಬಸ್ಸು ಹಾರನ್ನು ಹೊಡೆಯುತ್ತಿದೆ, ಬೋರ್ಡಿನ ಹಲ್ಲು ಕೈಕಾಲು ಬೀಸಿ ನಗುತ್ತಿದೆ, ಮಂಗ ಮಾಡಿದಳು ನನ್ನನ್ನು, ಸಿಟ್ಟು ಬರುತ್ತಿದೆ, ಬರಬೇಕಾದಷ್ಟು ಬರುತ್ತಿಲ್ಲ, ಯಾಕೆಂದರೆ ಹೇಳಿದಳು, ಕೊನೆಗೂ ನನಗೇ ಹೇಳಿದಳು, ಎಷ್ಟು ತಿಂಗಳ ಮೇಲೆ ಇಷ್ಟುದ್ದದ ಮಾತು, ಅಮ್ಮನ ಬಾಯಿ ಕಟ್ಟಿಹಾಕಿಯಾದರೂ ಹೇಳಿದಳು. ಊಹೂಂ ಎಂದರೆ ಅವಳು ಭಾನುವಾರ ಸೀರೆ ಉಟ್ಟು ಕೂರುತ್ತಾಳೆ, ಕೊಟ್ಟ ಮಾತಿಗೆ ಕೂರುತ್ತಾಳೆ, ಆಮೇಲೆ ಜನ್ಮದಲ್ಲಿ ಮತ್ತೆ ನನಗೆ ಏನೂ ಹೇಳುವುದಿಲ್ಲ. ಹೂಂ ಎಂದರೆ, ಇವರಿಗೆ ಹೇಗೆ ಹೇಳಲಿ, ಗೌರಿ ಕುಣಿಯುತ್ತಾನೆ, ನಮ್ಮ ಕೋಟೆ ಬೀದಿಯ ಹೆಂಗಸರು ದೇವಸ್ಥಾನದಲ್ಲಿ ತೀರ್ಥ ಬಿಟ್ಟು ನನ್ನ ಮುಖ ನೋಡುತ್ತಾರೆ, ಅವನು ಮನೆಗೆ ಬರುತ್ತಾನೆ, ಅವರವ್ವ ಬರುತ್ತಾಳೆ, ನಿಜವಾದ ಬೆಟ್ಟಮ್ಮ, ಅವಳಿಗೆ ಕಾಫಿ ಯಾವ ಲೋಟದಲ್ಲಿ, ಹಿತ್ತಿಲ ಕಟ್ಟೆಯ ಮೇಲಿನ ಲೋಟವನ್ನು ಇವತ್ತೇ ಒಳಗೆ ತಂದು ಎಲ್ಲ ಲೋಟಗಳ ಜೊತೆ ಬೆರೆಸಿಬಿಡಬೇಕು, ಯಾವುದು ಯಾವುದೆಂದು ನನಗೂ ತಿಳಿಯದ ಹಾಗೆ — ಅಮ್ಮಾ, ಎಂದಳು ಫೋನಿನಲ್ಲಿ. ಹೂಂ ಎಂದೆ. ಮೂಗಿನಿಂದ, ಗಂಟಲಿನಿಂದ, ಎಲ್ಲಿಂದ ಸಾಧ್ಯವೋ ಅಲ್ಲಿಂದ, ಗಟ್ಟಿಯಾಗಿ, ಹೂಂ. ಆ ಕಡೆ ಅಳು, ನನಗೂ ಅಳು, ಬಾಯಿ ತೆರೆಯಬಾರದು, ಕಚ್ಚಿ ಹಿಡಿ ಎಂದಿದ್ದಾನೆ, ಕಚ್ಚಿ ಹಿಡಿದೇ ಅಳುತ್ತಿದ್ದೇನೆ, ಇವರು ಸಂಧ್ಯಾವಂದನೆ ಮುಗಿಸಿ ಎದ್ದ ಮೇಲೆ ಹೇಳಲೋ, ಊಟವಾದ ಮೇಲೆ ಹೇಳಲೋ, ಮೊದಲು ಗೌರಿಗೆ, ಇಲ್ಲ, ಮೊದಲು ಇವರಿಗೆ, ಹೇಗೆ ಶುರು ಮಾಡಲಿ, ನೋಡೀಂದ್ರೆ, ಇವತ್ತು ಹಾಸನದಲ್ಲಿ ಏನಾಯಿತು ಎಂದರೆ, ಏನಾಯಿತು ಎಂದರೆ, ಮಾತು ಮುಂದಕ್ಕೆ ಹೋಗುತ್ತಿಲ್ಲ, ತುಟಿಯ ಮೂಲೆಯಲ್ಲಿ ಮತ್ತೆ ತೇವ ಇಳಿಯುತ್ತಿದೆ, ಸೆರಗು ಕೈಯಲ್ಲೇ ಇದೆ, ಒರೆಸಿಕೊಳ್ಳಲು ಕೈ ಏಳುತ್ತಿಲ್ಲ, ಏನಾಯಿತು ಎಂದರೆ, ಒಂದು ಹೆಬ್ಬೆರಳು, ತುಟಿಯ ಮೂಲೆಯಿಂದ ಗದ್ದದ ತನಕ, ಮೆತ್ತಗೆ, ನೀಲಿ ಹೆಬ್ಬೆರಳು